ಅಪ್ಪಯ್ಯನ ಟೀವಿಗೊಂದು ಕಂಪ್ಯೂಟರ್

"ಆ ವೀಸೀಡಿ ಪ್ಲೇಯರ್ ಕೆಟ್ಟೋಯ್ತು ಮಾರಾಯ. ಪೇಟೇಲಿ ರಿಪೇರಿ ಮಾಡೋರು ಯಾರೂ ಇಲ್ವಂತೆ."

ದೀಪಾವಳಿಗೆ ಊರಿಗೆ ಹೋದಾಗ, ಊಟ ಮುಗಿಸಿ ಕೈ ತೊಳೆಯುತ್ತಾ ಅಪ್ಪಯ್ಯ ಹೇಳಿದ್ದು ಇಷ್ಟೇ. ಅವರು ಯಾವುದನ್ನೂ ಬೇಕು ಅಂತ ಕೇಳುವವರಲ್ಲ. ಕೆಟ್ಟಿದೆ ಅಂತ ಸುದ್ದಿ ಹೇಳ್ತಾರೆ, ಉಳಿದದ್ದು ನಾವೇ ಅರ್ಥ ಮಾಡ್ಕೋಬೇಕು.

ತೀರ್ಥಹಳ್ಳಿಯಿಂದ ಸ್ವಲ್ಪ ಒಳಗಿರುವ ನಮ್ಮ ಮನೆಯಲ್ಲಿ ಈಗ ಅಪ್ಪಯ್ಯ ಒಬ್ಬರೇ. ಅಮ್ಮ ಹೋದದ್ದು 2009ರಲ್ಲಿ. ಆಗ ನಮ್ಮ ಮನೆಯಲ್ಲಿದ್ದ ಫೋನು ಮಾತಾಡೋದಕ್ಕೆ ಮಾತ್ರ. ಅಮ್ಮನ ದನಿ ಉಳಿದಿರೋದು ಒಂದೇ ಕಡೆ, 2003ರಲ್ಲಿ ನಡೆದ ಅಕ್ಕನ ಮದುವೆಯ ವೀಸೀಡಿಯಲ್ಲಿ. ಒಟ್ಟು ಮೂರು ಡಿಸ್ಕು. ಎರಡನೆಯದರಲ್ಲಿ ಹಸೆಗೆ ಕರೆಯುವ ಹಾಡನ್ನು ಅಮ್ಮ ಶುರು ಮಾಡ್ತಾರೆ, ಉಳಿದ ಹೆಂಗಸರು ದನಿಗೂಡಿಸ್ತಾರೆ. ಹೆಚ್ಚೆಂದರೆ ನಾಲ್ಕು ನಿಮಿಷ. ಅಪ್ಪಯ್ಯ ವರ್ಷಕ್ಕೆ ಒಂದೆರಡು ಸಲ ಅದನ್ನು ಹಾಕಿಕೊಂಡು ನೋಡ್ತಾರೆ ಅಂತ ನಮಗೆ ಗೊತ್ತು. ನಾವು ಮನೆಯಲ್ಲಿದ್ದಾಗ ಹಾಕುವುದಿಲ್ಲ ಅಂತಲೂ ಗೊತ್ತು.

ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವವನು. ಕೇಳಬೇಕೆ? "ಪ್ಲೇಯರ್ ಬಿಡಿ ಅಪ್ಪಯ್ಯ, ಟೀವಿಗೊಂದು ಕಂಪ್ಯೂಟರನ್ನೇ ಜೋಡಿಸಿಕೊಡ್ತೀನಿ. ಮದುವೆ ವಿಡಿಯೊ, ಯಕ್ಷಗಾನ, ಯೂಟ್ಯೂಬು, ಎಲ್ಲ ಒಂದರಲ್ಲೇ ಬರುತ್ತೆ" ಅಂದೆ. ಹೀಗೆ ಟೀವಿ ಪಕ್ಕದಲ್ಲಿ ಕೂರುವ ಕಂಪ್ಯೂಟರಿಗೆ ಹೋಂ ಥಿಯೇಟರ್ ಪಿಸಿ ಅಂತಾರೆ. ನನ್ನ ಪಾಲಿಗೆ ಅದು ಮೊದಲನೆಯದು. ಅದಕ್ಕೇ ಆದ ತಪ್ಪುಗಳನ್ನೆಲ್ಲ ಮೊದಲು ಹೇಳಿಬಿಡ್ತೀನಿ. ನಿಮ್ಮ ದುಡ್ಡಾದರೂ ಉಳಿಯಲಿ.

ಗಿರಣಿ ತಂದಿದೀಯಾ?

ಒಂದು ಶನಿವಾರ ಎಸ್.ಪಿ. ರಸ್ತೆಗೆ ಹೋದೆ. ಟೀವಿಗೆ ಜೋಡಿಸೋದಕ್ಕೆ ಅಂತ ಹೇಳಿದೆ. ಅಂಗಡಿಯ ಹುಡುಗ "ಫೋರ್‌ಕೆ ಟೀವೀನಾ ಸರ್? ಹಾಗಾದ್ರೆ ಗ್ರಾಫಿಕ್ಸ್ ಕಾರ್ಡ್ ಬೇಕೇ ಬೇಕು" ಅಂದ. ತಪ್ಪು ಅವನದಲ್ಲ. ನನಗೂ ಒಳಗೊಳಗೇ ಅದೇ ಬೇಕಾಗಿತ್ತು. ಗಾಜಿನ ಬಾಗಿಲಿನ ಕ್ಯಾಬಿನೆಟ್, ಬಣ್ಣ ಬದಲಿಸುವ ನಾಲ್ಕು ಫ್ಯಾನು, ಗ್ರಾಫಿಕ್ಸ್ ಕಾರ್ಡು, 16 ಜಿಬಿ ಮೆಮೊರಿ, ಜೊತೆಗೊಂದು ವೈರ್‌ಲೆಸ್ ಕೀಬೋರ್ಡು. ಬಿಲ್ಲು ನೋಡಿ ಹೆಂಡತಿ ಏನೂ ಹೇಳಲಿಲ್ಲ. ಏನೂ ಹೇಳದೇ ಇದ್ದದ್ದೇ ಜಾಸ್ತಿ ಕೇಳಿಸಿತು.

ಸಂಕ್ರಾಂತಿಗೆ ಕಾರಿನ ಹಿಂದಿನ ಸೀಟಿನಲ್ಲಿ ಅದನ್ನು ಮಗುವಿನ ಹಾಗೆ ಕೂರಿಸಿಕೊಂಡು ಊರಿಗೆ ಹೋದೆ. ಜೋಡಿಸಿ ಬಟನ್ ಒತ್ತಿದೆ. ಮಲೆನಾಡಿನ ರಾತ್ರಿ ನಿಮಗೆ ಗೊತ್ತಿರಬಹುದು. ಜೀರುಂಡೆ ಬಿಟ್ಟರೆ ಬೇರೆ ಸದ್ದಿಲ್ಲ. ಅಂಥ ಮನೆಯಲ್ಲಿ ನಾಲ್ಕು ಫ್ಯಾನು ಒಟ್ಟಿಗೆ ತಿರುಗಲು ಶುರುವಾದವು.

"ಎಂಥದು ಮಾರಾಯ ಇದು? ಗಿರಣಿ ತಂದಿದೀಯಾ?" ಅಂದರು ಅಪ್ಪಯ್ಯ.

ಆಮೇಲೆ ಕೀಬೋರ್ಡ್ ಕೈಗೆ ಕೊಟ್ಟೆ. ಅದನ್ನು ಎರಡೂ ಕೈಯಲ್ಲಿ ಹಿಡಿದು, ಯಾರದೋ ಮನೆಯ ಕೂಸನ್ನು ಹಿಡಿದವರ ಹಾಗೆ ಸ್ವಲ್ಪ ಹೊತ್ತು ಕೂತಿದ್ದು, ಮೆಲ್ಲಗೆ ಟೀಪಾಯಿ ಮೇಲಿಟ್ಟರು. ಮುಂದಿನ ಸಲ ಹೋದಾಗ ಇಡೀ ಕ್ಯಾಬಿನೆಟ್ಟಿಗೆ ಒಂದು ಹಳೇ ಪಂಚೆ ಹೊದಿಸಿತ್ತು. "ಧೂಳು ಕೂರದೇ ಇರ್ಲಿ ಅಂತ" ಅಂದರು.

ಇದಕ್ಕಿಂತ ದೊಡ್ಡ ಪೆಟ್ಟು ಸಂಕ್ರಾಂತಿಯ ಆ ರಾತ್ರಿಯೇ ಬಿದ್ದಿತ್ತು. ಯುಎಸ್‌ಬಿ ಡಿವಿಡಿ ಡ್ರೈವಿಗೆ ಮದುವೆಯ ಡಿಸ್ಕುಗಳನ್ನು ಒಂದೊಂದಾಗಿ ಹಾಕಿದೆ. ಮೊದಲನೆಯದು ಓದಿತು. ಮೂರನೆಯದೂ ಓದಿತು. ಎರಡನೆಯದು ಕಿರ್ ಕಿರ್ ಅಂದು ನಿಂತಿತು. ಇನ್ನೊಂದು ಸಲ ಹಾಕಿದೆ, ಮತ್ತೆ ಅದೇ. ಬೆಳಕಿಗೆ ಹಿಡಿದು ನೋಡಿದರೆ ಅಂಚಿನಲ್ಲಿ ಸೂಜಿಮೊನೆಯಷ್ಟು ಅಗಲದ ಚುಕ್ಕೆಗಳು, ಆಚೆಯ ಬಲ್ಬು ಕಾಣುವ ಹಾಗೆ.

ಅಪ್ಪಯ್ಯ ಬಾಗಿಲ ಹತ್ತಿರ ನಿಂತಿದ್ದರು. "ಇರ್ಲಿ ಬಿಡು" ಅಂದರು.

ಪೆಟ್ಟಿಗೆಗಿಂತ ಮೊದಲು ಡಿಸ್ಕು

ಅವತ್ತು ಕಲಿತ ಮೊದಲ ಪಾಠ ಇದು. ಇಪ್ಪತ್ತು ವರ್ಷ ದಾಟಿದ ಸೀಡಿಗಳು ನಮಗಾಗಿ ಕಾಯುತ್ತಾ ಕೂರುವುದಿಲ್ಲ. ಸ್ಟುಡಿಯೊದವರು ಕೊಡುತ್ತಿದ್ದದ್ದು ಹೆಚ್ಚಾಗಿ ಕಂಪ್ಯೂಟರಿನಲ್ಲಿ ಬರೆದ ಡಿಸ್ಕು. ಅದರಲ್ಲಿ ವಿಷಯ ಇರೋದು ಒಂದು ಬಣ್ಣದ ಪದರದಲ್ಲಿ, ಅದರ ಮೇಲೆ ತೆಳ್ಳನೆಯ ಲೋಹದ ಲೇಪ. ತೇವ, ಬಿಸಿಲು, ಗೀರು ಯಾವುದೂ ಅದಕ್ಕೆ ಆಗಿಬರುವುದಿಲ್ಲ. ನಮ್ಮ ಕಡೆಯ ಮಳೆಗಾಲದಲ್ಲಿ ಚರ್ಮದ ಬೆಲ್ಟಿಗೇ ಬೂಸ್ಟು ಹಿಡಿಯುತ್ತೆ, ಡಿಸ್ಕು ಯಾವ ಲೆಕ್ಕ?

ಜೊತೆಗೆ ವೀಸೀಡಿಗೆ ಇನ್ನೊಂದು ತೊಂದರೆಯಿದೆ. ಮಾಮೂಲಿ ಡೇಟಾ ಸೀಡಿಯಲ್ಲಿ ಗೀರು ಬಿದ್ದರೆ ಸರಿಪಡಿಸಿಕೊಳ್ಳಲು ಅಂತಲೇ ಪ್ರತಿ ತುಣುಕಿನಲ್ಲೂ ಒಂದಿಷ್ಟು ಜಾಗ ಮೀಸಲಿರುತ್ತೆ. ವೀಸೀಡಿಯಲ್ಲಿ ಆ ಜಾಗಕ್ಕೂ ಚಿತ್ರವನ್ನೇ ತುಂಬಿರ್ತಾರೆ. ಹಾಗಾಗಿ ಅದನ್ನು ನಕಲು ಮಾಡುವಾಗ ಬೇಗ ತಪ್ಪು ಬರುತ್ತೆ.

ಆದರೆ ಒಂದು ಡ್ರೈವ್ ಓದದ ಡಿಸ್ಕನ್ನು ಇನ್ನೊಂದು ಡ್ರೈವ್ ಓದಬಹುದು. ಇದು ನನಗೆ ಗೊತ್ತಿರಲಿಲ್ಲ. ಮರುದಿನ ತೀರ್ಥಹಳ್ಳಿ ಪೇಟೆಯ ಒಂದು ಜೆರಾಕ್ಸ್ ಅಂಗಡಿಯಲ್ಲಿ ಹಳೇ ಡೆಸ್ಕ್‌ಟಾಪ್ ಕಂಡೆ. ತಟ್ಟೆ ಹೊರಗೆ ಬರುವ ದಪ್ಪ ಡ್ರೈವು ಇತ್ತು. ಕೇಳಿದೆ. "ನೋಡಿ ಸರ್, ಓದಿದ್ರೆ ನಿಮ್ಮ ಪುಣ್ಯ" ಅಂದರು. ಡಿಸ್ಕನ್ನು ಮೆತ್ತನೆ ಬಟ್ಟೆಯಿಂದ ಒರೆಸಿದೆ, ಒಳಗಿನಿಂದ ಅಂಚಿನ ಕಡೆಗೆ ನೇರವಾಗಿ. ಸುತ್ತ ತಿರುಗಿಸಿ ಒರೆಸಬಾರದು. ಹಾಕಿ ಕಾದೆ. ಅರ್ಧ ಗಂಟೆ ಆಯಿತು. ನಾಲ್ಕು ಜನ ಆಧಾರ್ ಜೆರಾಕ್ಸ್ ಮಾಡಿಸಿಕೊಂಡು ಹೋದರು. ಫೈಲು ಬಂತು. ಹಾಡಿನ ನಡುವೆ ಒಂದು ಕಡೆ ಕೆಲವು ಸೆಕೆಂಡು ಪರದೆ ತುಂಬಾ ಹಸಿರು ಚೌಕಗಳು. ದನಿ ಮಾತ್ರ ತುಂಡಾಗಿರಲಿಲ್ಲ.

ಕಂಪ್ಯೂಟರಿನಲ್ಲಿ ವೀಸೀಡಿ ತೆರೆದರೆ 'ಎಂಪೆಗ್‌ಎವಿ' ಅನ್ನುವ ಫೋಲ್ಡರಿನಲ್ಲಿ ಡ್ಯಾಟ್ ಫೈಲುಗಳು ಕಾಣುತ್ತವೆ. ವಿಎಲ್‌ಸಿ ಪ್ಲೇಯರ್ ಅವನ್ನು ನೇರವಾಗಿ ಆಡಿಸುತ್ತೆ. ಒಂದು ಡಿಸ್ಕು 700-800 ಎಂಬಿ, ಅಷ್ಟೇ. ಇಡೀ ಮದುವೆ ಒಂದು ಸಣ್ಣ ಪೆನ್‌ಡ್ರೈವಿನ ಮೂಲೆಯಲ್ಲಿ ಕೂರುತ್ತೆ.

ಇಷ್ಟಕ್ಕೂ ನಿಮಗಿದು ಬೇಕಾ?

ಬೆಂಗಳೂರಿಗೆ ವಾಪಸ್ ಬಂದ ಮೇಲೆ ನಾನು ಮೊದಲೇ ಕೇಳಿಕೊಳ್ಳಬೇಕಾಗಿದ್ದ ಪ್ರಶ್ನೆ ಕೇಳಿಕೊಂಡೆ. ಟೀವಿ ಮುಂದೆ ಕೂರೋದು ಯಾರು? ನೋಡೋದು ಏನು?

ನಿಮ್ಮ ಮನೆಯಲ್ಲಿ ನೋಡೋದು ಬರೀ ಓಟಿಟಿ ಮತ್ತು ಯೂಟ್ಯೂಬ್ ಆಗಿದ್ದರೆ ಈ ಅಂಕಣ ಇಲ್ಲಿಗೇ ನಿಲ್ಲಿಸಿ. ಟೀವಿಯ ಹಿಂದೆ ಸಿಕ್ಕಿಸುವ ಒಂದು ಸ್ಟಿಕ್ ಸಾಕು. ಓಟಿಟಿ ಕಂಪನಿಗಳು ಪೂರ್ತಿ ಗುಣಮಟ್ಟದ ಚಿತ್ರ ಕೊಡೋದು ತಾವು ಒಪ್ಪಿದ ಸಾಧನಗಳಿಗೆ ಮಾತ್ರ. ಕಂಪ್ಯೂಟರಿನ ಬ್ರೌಸರಿನಲ್ಲಿ ಅದೇ ಸಿನಿಮಾ ಎಷ್ಟೋ ಸಲ ಕಮ್ಮಿ ಗುಣಮಟ್ಟದಲ್ಲಿ ಬರುತ್ತೆ, ಲಿನಕ್ಸ್ ಆದರೆ ಇನ್ನೂ ಕಮ್ಮಿ. ಲಕ್ಷ ರೂಪಾಯಿ ಕಂಪ್ಯೂಟರ್ ಇದ್ದರೂ ಅಷ್ಟೇ. ಅದು ಯಂತ್ರದ ಶಕ್ತಿಯ ಪ್ರಶ್ನೆಯಲ್ಲ, ಪರವಾನಗಿಯ ಪ್ರಶ್ನೆ.

ನಿಮ್ಮದೇ ಫೈಲುಗಳು ಬೇಕಾದಷ್ಟಿದ್ದರೆ ಮಾತ್ರ ಹೋಂ ಥಿಯೇಟರ್ ಪಿಸಿಗೆ ಅರ್ಥ. ಮದುವೆ, ಉಪನಯನ, ಗೃಹಪ್ರವೇಶದ ವಿಡಿಯೊಗಳು, ಹಳೇ ಕ್ಯಾಸೆಟ್ಟಿನಿಂದ ಇಳಿಸಿಕೊಂಡ ಯಕ್ಷಗಾನ, ಕೊಂಡ ಡಿವಿಡಿಗಳು, ಇಪ್ಪತ್ತು ವರ್ಷದ ಫೋಟೊಗಳು. ಅಪ್ಪಯ್ಯನ ಹತ್ತಿರ ಇವೆಲ್ಲ ಎರಡು ಟ್ರಂಕು ಇದ್ದವು. ಕಾಳಿಂಗ ನಾವಡರ ಭಾಗವತಿಕೆಯ ಕ್ಯಾಸೆಟ್ಟುಗಳೇ ಒಂದು ಡಬ್ಬ. ನಾವಡರು 1990ರಲ್ಲಿ ತೀರಿಕೊಂಡರೂ ನಮ್ಮ ಮನೆಯಲ್ಲಿ ವಾರಕ್ಕೊಮ್ಮೆಯಾದರೂ ಹಾಡುತ್ತಿದ್ದರು, ಟೇಪ್ ರೆಕಾರ್ಡರ್ ಕೈಕೊಡುವ ತನಕ.

ಪ್ರೊಸೆಸರ್: ಅಡಿಕೆ ಸುಲಿಯೋ ಮಿಷನ್ ಇದ್ದ ಹಾಗೆ

ಎರಡನೇ ಸಲ ಪಟ್ಟಿ ಮಾಡಿದಾಗ ಗ್ರಾಫಿಕ್ಸ್ ಕಾರ್ಡನ್ನು ಮೊದಲು ಹೊಡೆದುಹಾಕಿದೆ. ಲೆಕ್ಕ ನೋಡಿ. ವೀಸೀಡಿಯ ಚಿತ್ರ 352 ಅಡ್ಡ, 288 ಉದ್ದ, ಅಂದರೆ ಒಂದು ಲಕ್ಷ ಚುಕ್ಕೆಗಿಂತ ಸ್ವಲ್ಪ ಜಾಸ್ತಿ. ಫೋರ್‌ಕೆ ಟೀವಿಯಲ್ಲಿ ಸುಮಾರು 83 ಲಕ್ಷ ಚುಕ್ಕೆ. 82 ಪಟ್ಟು ವ್ಯತ್ಯಾಸ. ಕ್ಯಾಮೆರಾ ಹಿಡಿಯದೇ ಇದ್ದದ್ದನ್ನು ಯಾವ ಕಾರ್ಡೂ ತಂದುಕೊಡಲಾರದು. ಮದುವೆ ವಿಡಿಯೊ ಮಸುಕಾಗಿಯೇ ಕಾಣುತ್ತೆ, ಕಾಣಲಿ. ಚೌಕದ ಚಿತ್ರವನ್ನು ಅಗಲಕ್ಕೆ ಎಳೆದು ಎಲ್ಲರನ್ನೂ ದಪ್ಪ ಮಾಡದಿದ್ದರೆ ಸಾಕು.

ಹಾಗಾದರೆ ಹೊಸ ವಿಡಿಯೊಗೆ? ಅಲ್ಲೂ ಬೇಕಾದದ್ದು ಬರೀ ಬಲ ಅಲ್ಲ. ವಿಡಿಯೊ ಫೈಲನ್ನು ಒತ್ತಿ ಒತ್ತಿ ಚಿಕ್ಕದಾಗಿ ಮಡಚಿಟ್ಟಿರ್ತಾರೆ. ಆಡಿಸುವಾಗ ಅದನ್ನು ಬಿಚ್ಚಬೇಕು. ಪ್ರೊಸೆಸರ್ ಅದನ್ನು ಸಾಮಾನ್ಯ ಲೆಕ್ಕಾಚಾರದಿಂದಲೂ ಬಿಚ್ಚಬಹುದು, ಅದಕ್ಕೆಂದೇ ಒಳಗಿರುವ ಪ್ರತ್ಯೇಕ ಭಾಗದಿಂದಲೂ ಬಿಚ್ಚಬಹುದು. ಮೊದಲನೆಯದು ಕೈಯಲ್ಲಿ ಅಡಿಕೆ ಸುಲಿದ ಹಾಗೆ. ಆಳು ಎಷ್ಟೇ ಗಟ್ಟಿಯಿದ್ದರೂ ಬೆವರು ಇಳಿಯುತ್ತೆ. ಎರಡನೆಯದು ಸುಲಿಯೋ ಮಿಷನ್. ಬೇರೆ ಕೆಲಸ ಬರಲ್ಲ, ಇದೊಂದನ್ನು ಮಾತ್ರ ಸರಾಗವಾಗಿ ಮಾಡುತ್ತೆ.

ಆದ್ದರಿಂದ ಅಂಗಡಿಯಲ್ಲಿ ಎಷ್ಟು ಗಿಗಾಹರ್ಟ್ಸ್ ಅಂತ ಕೇಳಬೇಡಿ. ಎಚ್.264, 10 ಬಿಟ್ ಎಚ್‌ಇವಿಸಿ, ವಿಪಿ9, ಎವಿ1, ಈ ನಾಲ್ಕನ್ನೂ ಹಾರ್ಡ್‌ವೇರಿನಲ್ಲೇ ಬಿಚ್ಚುತ್ತಾ ಅಂತ ಕೇಳಿ. ಯೂಟ್ಯೂಬಿನ ಫೋರ್‌ಕೆ ಬರೋದು ಕೊನೆಯ ಎರಡರಲ್ಲಿ. ಇಂಟೆಲ್‌ನಲ್ಲಿ ಏಳನೇ ತಲೆಮಾರಿನಿಂದ ಮೊದಲ ಮೂರೂ ಇವೆ. ಎವಿ1 ಬಂದದ್ದು ಹನ್ನೊಂದರಿಂದ. 2023ರಲ್ಲಿ ಬಂದ ಎನ್100 ಅನ್ನುವ ಪುಟ್ಟ ಪ್ರೊಸೆಸರಿನಲ್ಲಿ ನಾಲ್ಕೂ ಇವೆ, ಅದರ ವಿದ್ಯುತ್ ಅಂದಾಜು ಬರೀ 6 ವ್ಯಾಟ್. ನಾನು ಕೊನೆಗೆ ಕೊಂಡದ್ದು ಅದನ್ನೇ, ಅಂಗೈಯಗಲದ ಮಿನಿ ಪಿಸಿಯಲ್ಲಿ.

ಕಮ್ಮಿ ದುಡ್ಡಿಗೆ ಆಗಬೇಕು ಅಂದರೆ ಕಂಪನಿಗಳು ಬಳಸಿ ಮಾರಿದ ಚಿಕ್ಕ ಆಫೀಸ್ ಪಿಸಿಗಳು ಸಿಗುತ್ತವೆ. ಎಂಟನೇ ತಲೆಮಾರಿನದಾದರೆ ಎವಿ1 ಒಂದು ಬಿಟ್ಟು ಉಳಿದದ್ದಕ್ಕೆ ಧಾರಾಳ ಸಾಕು. ಆದರೆ ಕೊಳ್ಳುವ ಮುಂಚೆ ಹಿಂಬದಿ ತಿರುಗಿಸಿ ನೋಡಿ. ಯಾಕೆ ಅಂತ ಹೇಳ್ತೀನಿ.

ಎಚ್‌ಡಿಎಂಐ: ಎಲ್ಲ ಕಿಂಡಿಯೂ ಒಂದೇ ಅಲ್ಲ

ಹೊರಗಿಂದ ನೋಡಿದರೆ ಎಲ್ಲ ಎಚ್‌ಡಿಎಂಐ ಕಿಂಡಿಯೂ ಒಂದೇ ಥರ. ಒಳಗೆ ಹಾಗಲ್ಲ. ಹಳೇ 1.4 ಆದರೆ ಫೋರ್‌ಕೆ ಚಿತ್ರ ಸೆಕೆಂಡಿಗೆ 30 ಸಲ ಮಾತ್ರ ಹೋಗುತ್ತೆ, ಮೌಸ್ ಓಡಿಸಿದರೆ ಎಳೆದ ಹಾಗೆ ಕಾಣುತ್ತೆ. 2.0 ಅಥವಾ ಅದಕ್ಕಿಂತ ಹೊಸದಾದರೆ 60 ಸಲ. ಹಳೇ ಆಫೀಸ್ ಪಿಸಿಗಳಲ್ಲಿ ಎಷ್ಟೋ ಸಲ ಇರೋದು 1.4, ಪಕ್ಕದಲ್ಲಿ ಡಿಸ್‌ಪ್ಲೇ ಪೋರ್ಟ್ ಇರುತ್ತೆ. ಅದಕ್ಕೆ ಆಕ್ಟಿವ್ ಅನ್ನುವ ಥರದ, ಎಚ್‌ಡಿಎಂಐ 2.0 ಕೊಡುವ ಅಡಾಪ್ಟರ್ ಹಾಕಿದರೆ ಸಮಸ್ಯೆ ಮುಗೀತು.

ಕೇಬಲ್‌ಗೆ 'ಪ್ರೀಮಿಯಂ ಹೈ ಸ್ಪೀಡ್' ಗುರುತಿದ್ದರೆ ಸಾಕು, ಚಿನ್ನದ ಲೇಪಕ್ಕೆಲ್ಲ ದುಡ್ಡು ಸುರಿಯಬೇಡಿ. ಕೊನೆಗೆ ಟೀವಿಯ ಸೆಟ್ಟಿಂಗಿನಲ್ಲಿ ಆ ಕಿಂಡಿಗೆ ಪೂರ್ತಿ ಸಾಮರ್ಥ್ಯ ಕೊಡುವ ಆಯ್ಕೆ ಇರುತ್ತೆ, ಹುಡುಕಿ ಆನ್ ಮಾಡಿ.

ಇನ್ನೊಂದು ಸಣ್ಣ ವಿಷಯ. ಸಿನಿಮಾ ಸೆಕೆಂಡಿಗೆ 24 ಚಿತ್ರ, ನಮ್ಮ ವೀಸೀಡಿ 25. ಟೀವಿ 60ರಲ್ಲೇ ಓಡುತ್ತಿದ್ದರೆ ಎರಡೂ ಸಮನಾಗಿ ಹಂಚಿಕೆಯಾಗಲ್ಲ, ಕ್ಯಾಮೆರಾ ಪಕ್ಕಕ್ಕೆ ಸರಿದಾಗ ಚಿತ್ರ ಕುಂಟುತ್ತೆ. ಕೋಡಿ ಅನ್ನುವ ಪ್ಲೇಯರಿನಲ್ಲಿ ಫೈಲಿಗೆ ತಕ್ಕ ಹಾಗೆ ಟೀವಿಯ ವೇಗ ಬದಲಿಸುವ ಸೆಟ್ಟಿಂಗ್ ಇದೆ. ಒಂದು ಸಲ ಒತ್ತಿಬಿಟ್ಟರೆ ಆಯಿತು.

ಮೆಮೊರಿ, ಡಿಸ್ಕು, ಮತ್ತು ಎರಡನೇ ನಕಲು

ಮೆಮೊರಿ 8 ಜಿಬಿ ಸಾಕು. ಸಿಸ್ಟಂಗೆ 256 ಜಿಬಿ ಎಸ್‌ಎಸ್‌ಡಿ. ಇವೆರಡರ ಬೆಲೆ ಅಡಿಕೆ ಧಾರಣೆಯ ಹಾಗೆ ಏರಿಳಿಯುತ್ತೆ, ಕೊಳ್ಳುವ ದಿನವೇ ವಿಚಾರಿಸಿ. ಫೈಲುಗಳಿಗೆ ಹೊರಗಿನಿಂದ ಜೋಡಿಸುವ ಚಿಕ್ಕ ಹಾರ್ಡ್‌ಡಿಸ್ಕು. ದೊಡ್ಡ ಡೆಸ್ಕ್‌ಟಾಪ್ ಡಿಸ್ಕಿಗಿಂತ ಸದ್ದು ಕಮ್ಮಿ. ನಿಮ್ಮ ಮನೆಯಲ್ಲಿ ಹ್ಯಾಂಡಿಕ್ಯಾಮಿನ ಮಿನಿ ಡಿವಿ ಕ್ಯಾಸೆಟ್ಟುಗಳಿದ್ದರೆ ಜಾಗ ಜಾಸ್ತಿ ಬೇಕು. ಅದು ಹಾಗೇ ಇಳಿಸಿದರೆ ಒಂದು ಗಂಟೆಗೆ ಸುಮಾರು 13 ಜಿಬಿ ತಿನ್ನುತ್ತೆ.

ಈ ಪಟ್ಟಿಯಲ್ಲಿ ನಾನು ಒಂದಕ್ಕೆ ಬದಲು ಎರಡು ಕೊಂಡದ್ದು ಹಾರ್ಡ್‌ಡಿಸ್ಕನ್ನು ಮಾತ್ರ. ಒಂದು ಅಪ್ಪಯ್ಯನ ಟೀವಿ ಹಿಂದೆ, ಅದೇ ಫೈಲುಗಳ ಇನ್ನೊಂದು ಅಕ್ಕನ ಮನೆಯಲ್ಲಿ, ಶಿವಮೊಗ್ಗದಲ್ಲಿ. ಒಂದೇ ಮನೆಯಲ್ಲಿ ಎರಡು ಇಟ್ಟರೆ ಸಿಡಿಲಿಗೆ ಎರಡೂ ಹೋಗಬಹುದು. ಗ್ರಾಫಿಕ್ಸ್ ಕಾರ್ಡನ್ನು ಮಾರಿ ಬಂದ ದುಡ್ಡಿನಲ್ಲಿ ಎರಡೂ ಡಿಸ್ಕು ಬಂದವು. ಆ ಟೊಣಪ ಕಾರ್ಡಿನಿಂದ ಆದ ಉಪಕಾರ ಅದೊಂದೇ.

ಸದ್ದು, ಸೆಕೆ, ಸಿಡಿಲು

ಮಿನಿ ಪಿಸಿಯಲ್ಲೂ ಎರಡು ಥರ, ಫ್ಯಾನ್ ಇರುವುದು ಮತ್ತು ಇಲ್ಲದ್ದು. ಇಲ್ಲದ್ದರ ಮೈಯೇ ಬಿಸಿಯನ್ನು ಹೊರಗೆ ಬಿಡುತ್ತೆ, ಮೇಲ್ಭಾಗ ಬಾಚಣಿಗೆಯ ಹಲ್ಲಿನ ಹಾಗಿರುತ್ತೆ. ನಾನು ಅದನ್ನೇ ಆರಿಸಿದೆ. ಫ್ಯಾನ್ ಇಲ್ಲ ಅಂದರೆ ಧೂಳು ಎಳೆದುಕೊಳ್ಳುವುದೂ ಕಮ್ಮಿ. ಆದರೆ ಅದನ್ನು ಶೋಕೇಸಿನ ಗಾಜಿನೊಳಗೆ ಮುಚ್ಚಿಡಬಾರದು, ಗಾಳಿಯಾಡಬೇಕು. ಅದರ ಮೇಲೆ ಗಣಪತಿ ಮೂರ್ತಿ, ಕ್ರೋಶಾ ಬಟ್ಟೆ ಇತ್ಯಾದಿ ಇಡಬಾರದು ಅಂತ ಮನೆಯವರಿಗೆ ಮೊದಲೇ ಹೇಳಿಬಿಡಿ. ನಮ್ಮಲ್ಲಿ ಇನ್ನೊಂದು ಕಾಟ ಇರುವೆ ಮತ್ತು ಹಲ್ಲಿ. ತೂತು ಕಮ್ಮಿ ಇರುವ ಪೆಟ್ಟಿಗೆ ಅದಕ್ಕೂ ಒಳ್ಳೇದು.

ಕರೆಂಟಿನ ಲೆಕ್ಕ: ಮೊದಲ ಪೆಟ್ಟಿಗೆ ಸುಮ್ಮನೆ ಕೂತಾಗಲೂ ಸುಮಾರು 60 ವ್ಯಾಟ್ ಎಳೆಯುತ್ತಿತ್ತು, ಈಗಿನದು 10. ದಿನಕ್ಕೆ ಆರು ಗಂಟೆ ಅಂದರೂ ತಿಂಗಳಿಗೆ 10.8 ಯೂನಿಟ್ ಇದ್ದದ್ದು 1.8 ಆಯಿತು.

ಮಲೆನಾಡು, ಕರಾವಳಿಯವರಾದರೆ ಒಂದು ಚಿಕ್ಕ ಯುಪಿಎಸ್ ಸೇರಿಸಿ. ಬರೆಯುತ್ತಿರುವಾಗ ಕರೆಂಟ್ ಹೋದರೆ ಹಾರ್ಡ್‌ಡಿಸ್ಕಿನ ಫೈಲು ಹಾಳಾಗಬಹುದು. ಏಪ್ರಿಲ್-ಮೇ ತಿಂಗಳ ಗುಡುಗಿಗೆ ಮಾತ್ರ ಯುಪಿಎಸ್ ನಂಬಬೇಡಿ. ಪ್ಲಗ್ಗು ಕೀಳಿ, ಡಿಶ್ ಕೇಬಲ್ ಕೀಳಿ, ಇಂಟರ್ನೆಟ್ ಕೇಬಲನ್ನೂ ಕೀಳಿ. ಸಿಡಿಲು ಯಾವ ತಂತಿಯಿಂದ ಬೇಕಾದರೂ ಬರುತ್ತೆ.

ರಿಮೋಟ್

ಮೊದಲ ಪೆಟ್ಟಿಗೆ ಸೋತದ್ದು ಇಲ್ಲೇ. ಸ್ಟಿಕ್ಕುಗಳಲ್ಲಿ ಟೀವಿಯ ರಿಮೋಟೇ ಕೆಲಸ ಮಾಡುತ್ತೆ, ಎಚ್‌ಡಿಎಂಐ ಕೇಬಲಿನಲ್ಲೇ ಆ ಸಂದೇಶ ಹೋಗುತ್ತೆ. ಅದಕ್ಕೆ ಸಿಇಸಿ ಅಂತಾರೆ. ಆದರೆ ಸಾಮಾನ್ಯ ಕಂಪ್ಯೂಟರುಗಳ ಎಚ್‌ಡಿಎಂಐಯಲ್ಲಿ ಸಿಇಸಿ ಇರುವುದಿಲ್ಲ. ರಾಸ್ಪ್‌ಬೆರಿ ಪೈಯಲ್ಲಿ ಇದೆ. ಉಳಿದವರು ಯುಎಸ್‌ಬಿಗೆ ಸಿಕ್ಕಿಸುವ ಇನ್ಫ್ರಾರೆಡ್ ರಿಸೀವರ್ ಕೊಳ್ಳಬೇಕು. ಫ್ಲರ್ಕ್ ಅನ್ನುವುದು ಅಂಥದ್ದೇ. ಮನೆಯಲ್ಲಿ ಬಿದ್ದಿರುವ ಯಾವುದೇ ಹಳೇ ರಿಮೋಟಿನ ಗುಂಡಿಗಳನ್ನು ಅದಕ್ಕೆ ಕಲಿಸಬಹುದು.

ನಾನು ಕಲಿಸಿದ್ದು ಅದೇ ಕೆಟ್ಟುಹೋದ ವೀಸೀಡಿ ಪ್ಲೇಯರಿನ ರಿಮೋಟನ್ನು. ಅದರ ಪ್ಲೇ ಗುಂಡಿಯ ಬರಹ ಅಳಿಸಿ ಎಷ್ಟೋ ಕಾಲ ಆಗಿದೆ, ಅಪ್ಪಯ್ಯನ ಹೆಬ್ಬೆರಳಿಗೆ ಜಾಗ ಗೊತ್ತು.

ಸಿಸ್ಟಂಗೆ ವಿಂಡೋಸ್ ಬೇಡ ಅಂತ ತೀರ್ಮಾನಿಸಿ ಲಿಬ್ರೆಎಲೆಕ್ ಹಾಕಿದೆ. ಉಚಿತ, ಪುಟ್ಟದು. ಆನ್ ಮಾಡಿದರೆ ನೇರ ಕೋಡಿಯೇ ತೆರೆಯುತ್ತೆ, ಅಪ್‌ಡೇಟ್ ಪರದೆ ಅಡ್ಡ ಬರಲ್ಲ. ಕೋಡಿ ಮೊದಲು ಎಕ್ಸ್‌ಬಾಕ್ಸ್ ಅನ್ನುವ ಆಟದ ಪೆಟ್ಟಿಗೆಗೆ ಅಂತ ಉತ್ಸಾಹಿಗಳು ಮಾಡಿದ್ದು, 2014ರಲ್ಲಿ ಈಗಿನ ಹೆಸರು ಬಂತು. ಬಯೋಸ್‌ನಲ್ಲಿ 'ಕರೆಂಟ್ ಬಂದ ತಕ್ಷಣ ಆನ್ ಆಗು' ಅನ್ನುವ ಆಯ್ಕೆ ಒತ್ತಿಟ್ಟೆ. ಗೋಡೆಯ ಸ್ವಿಚ್ ಹಾಕಿದರೆ ಪೆಟ್ಟಿಗೆ ಎದ್ದು ಕೂರುತ್ತೆ.

ಕೇಳತ್ತೆ, ತಿಳಿಯಲ್ಲ

ಯುಗಾದಿಗೆ ಎಲ್ಲ ಜೋಡಿಸಿ ಆಯಿತು. ಸದ್ದಿಲ್ಲ, ಕೀಬೋರ್ಡಿಲ್ಲ. ಅಪ್ಪಯ್ಯ ಒಂದು ಹಳೇ ಸಿನಿಮಾ ಹಾಕಿದರು. ಆಮೇಲೆ ವಾಲ್ಯೂಮ್ ಏರಿಸುತ್ತಾ ಹೋದರು. ಮೂವತ್ತು, ನಲವತ್ತು, ಐವತ್ತು. ಅಂಗಳದಲ್ಲಿದ್ದ ನಾಯಿ ಎದ್ದು ಹೋಯಿತು.

"ಕೇಳತ್ತೆ ಮಾರಾಯ, ಎಂಥ ಹೇಳ್ತಾರೆ ಅಂತ ತಿಳಿಯಲ್ಲ."

ಇದಕ್ಕೆ ಅರ್ಧ ಉತ್ತರ ಪೆಟ್ಟಿಗೆಯಲ್ಲೇ ಇತ್ತು. ಹೊಸ ಸಿನಿಮಾಗಳ ಧ್ವನಿ ಐದಾರು ಸ್ಪೀಕರಿಗೆ ಅಂತ ಹಂಚಿರುತ್ತೆ, ಮಾತು ಹೆಚ್ಚಾಗಿ ನಡುವಿನ ಸ್ಪೀಕರಿನಲ್ಲಿ. ಅದನ್ನು ಟೀವಿಯ ಎರಡೇ ಸ್ಪೀಕರಿಗೆ ಇಳಿಸುವಾಗ ಸಂಗೀತ ಮೇಲೆದ್ದು ಮಾತು ಮುಳುಗುತ್ತೆ. ಕೋಡಿಯಲ್ಲಿ ನಡುವಿನ ಚಾನೆಲ್ಲನ್ನು ಮಾತ್ರ ಎತ್ತುವ ಸೆಟ್ಟಿಂಗ್ ಇದೆ. ಟೀವಿಯ ಸ್ಪೀಕರುಗಳು ಹಿಂದಕ್ಕೋ ಕೆಳಕ್ಕೋ ಮುಖ ಮಾಡಿರೋದು ಇನ್ನೊಂದು ಕಾರಣ. ಎರಡು ಸಾಧಾರಣ ಸ್ಪೀಕರ್ ತಂದು ಅಪ್ಪಯ್ಯನ ಕುರ್ಚಿಯ ಹತ್ತಿರವೇ ಇಟ್ಟೆ. ಐವತ್ತು ಇದ್ದ ವಾಲ್ಯೂಮ್ ಇಪ್ಪತ್ತೈದಕ್ಕೆ ಬಂತು. ಮೊದಲ ಪೆಟ್ಟಿಗೆಯ ಫ್ಯಾನುಗಳ ದುಡ್ಡಿನಲ್ಲೇ ಈ ಸ್ಪೀಕರ್ ಬರ್ತಿತ್ತು.

ಉಳಿದರ್ಧ ಉತ್ತರ ಯಾವ ಅಂಗಡಿಯಲ್ಲೂ ಇರಲಿಲ್ಲ. ಶಿವಮೊಗ್ಗದಲ್ಲಿ ಅಕ್ಕ ಹಟ ಹಿಡಿದು ಅಪ್ಪಯ್ಯನ ಶ್ರವಣ ಪರೀಕ್ಷೆ ಮಾಡಿಸಿದಳು. ವಯಸ್ಸಿನಿಂದ ಬರುವ ಕಿವುಡುತನ ಸಾಮಾನ್ಯವಾಗಿ ಮೊದಲು ಹೊಡೆಯೋದು ತಾರಕದ ಸದ್ದುಗಳಿಗೆ. ಸ, ಶ, ತ, ಕ ಇಂಥ ವ್ಯಂಜನಗಳು ಜಾರಿಹೋಗುತ್ತವೆ, ಸ್ವರಗಳು ಉಳಿಯುತ್ತವೆ. ಅದಕ್ಕೇ 'ಕೇಳತ್ತೆ, ತಿಳಿಯಲ್ಲ'. ವಾಲ್ಯೂಮ್ ಏರಿಸಿದರೆ ಸ್ವರವೇ ದೊಡ್ಡದಾಗುತ್ತೆ ಹೊರತು ಮಾತು ಸ್ಪಷ್ಟವಾಗಲ್ಲ. ನಾವು ಮಕ್ಕಳು ವರ್ಷಗಟ್ಟಲೆ "ಟೀವಿ ಕಮ್ಮಿ ಮಾಡಿ ಅಪ್ಪಯ್ಯ" ಅಂತ ಫೋನಿನಲ್ಲಿ ರೇಗುತ್ತಿದ್ದದ್ದು ನೆನಪಾಗಿ ನನಗೆ ನಾಚಿಕೆಯಾಯಿತು. ನಾನು ಗಿಗಾಹರ್ಟ್ಸ್ ಲೆಕ್ಕ ಹಾಕಿದ್ದೆ. ಕುರ್ಚಿಯಲ್ಲಿ ಕೂರುವವರ ಕಿವಿ ಹೇಗಿದೆ ಅಂತ ಒಮ್ಮೆಯೂ ಕೇಳಿರಲಿಲ್ಲ.

ಶ್ರವಣ ಯಂತ್ರ ಬಂತು. "ಟೀವಿ ಹೊತ್ತಿಗೆ ಮಾತ್ರ ಹಾಕ್ತೀನಿ" ಅನ್ನುವ ಕರಾರಿನ ಮೇಲೆ.

ಕಳೆದ ತಿಂಗಳು ಹೋದಾಗ ರಾತ್ರಿ ಊಟವಾದ ಮೇಲೆ ಅಪ್ಪಯ್ಯ ತಾವಾಗಿಯೇ ರಿಮೋಟ್ ತಗೊಂಡರು. ನಾವೆಲ್ಲ ಕೂತಿದ್ದೆವು, ಅಕ್ಕನೂ ಬಂದಿದ್ದಳು. ಎರಡನೇ ಡಿಸ್ಕು ಹಾಕಿದರು. ಮಸುಕು ಚಿತ್ರ, ಟ್ಯೂಬ್‌ಲೈಟಿನ ಬೆಳಕು, ಹಸಿರು ಸೀರೆ. ಅಮ್ಮ ಹಾಡು ಶುರು ಮಾಡಿದರು. ಹಸಿರು ಚೌಕಗಳು ಬಂದು ಹೋದವು. ಯಾರೂ ಮಾತಾಡಲಿಲ್ಲ.

ಅಪ್ಪಯ್ಯ ಮುಂದಕ್ಕೆ ಬಾಗಿದರು.

"ಮೂರನೇ ನುಡಿ ಬಿಟ್ಟೇಬಿಟ್ಟಿದಾಳೆ ನೋಡು. ಇಷ್ಟು ವರ್ಷ ನಂಗೆ ಗೊತ್ತೇ ಆಗಿರ್ಲಿಲ್ಲ."

ಅಕ್ಕ ನಗಲು ಶುರು ಮಾಡಿದಳು, ಆಮೇಲೆ ಕಣ್ಣೊರೆಸಿಕೊಂಡಳು.

ಹಾಗಾಗಿ ನಿಮ್ಮ ಮೊದಲ ಪಟ್ಟಿ ಮಾಡುವಾಗ ಈ ಕ್ರಮ ಇಟ್ಟುಕೊಳ್ಳಿ: ಮೊದಲು ಡಿಸ್ಕು, ಆಮೇಲೆ ಕುರ್ಚಿಯಲ್ಲಿ ಕೂರುವವರು, ಅವರ ಕೈಯ ರಿಮೋಟು, ಅವರ ಕಿವಿಗೆ ಸ್ಪೀಕರು. ಪ್ರೊಸೆಸರ್ ಕೊನೆಗೆ. ಪೆಟ್ಟಿಗೆ ಮುಂದಿನ ವರ್ಷವೂ ಸಿಗುತ್ತೆ, ಇನ್ನೂ ಚೆನ್ನಾಗಿರೋದೇ ಸಿಗಬಹುದು. ಈ ಭಾನುವಾರ ಮನೆಯ ಬೀರು ತೆಗೆದು ಆ ಹಳೇ ಡಿಸ್ಕುಗಳನ್ನು ಒಂದು ಸಲ ಬೆಳಕಿಗೆ ಹಿಡಿದು ನೋಡಿ.